ಹಳೇ ಮ್ಯಾಸಿಯ ಟ್ಯಾಪೆಟ್ ಸೆಟ್ಟಿಂಗ್: ಕಿವಿ, ಫಿಲ್ಲರ್ ಗೇಜ್, ಡಯಲ್ ಗೇಜ್

ಮೊದಲೇ ಹೇಳಿಬಿಡುತ್ತೇನೆ. ಹಳೇ ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ಉಳಿಸಿಕೊಂಡು ಇಂಜಿನ್ ಕಟ್ಟುತ್ತಿದ್ದರೆ ಒಂದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಮಾನು) ತಂದಿಟ್ಟುಕೊಳ್ಳಿ. ಈ ಮಾತನ್ನು ಹೋದ ಮೇ ತಿಂಗಳಲ್ಲಿ ಯಾರಾದರೂ ನನಗೆ ಹೇಳಿದ್ದರೆ ಟ್ಯಾಪೆಟ್ ಕವರನ್ನು ನಾಲ್ಕು ಸಲ ಬಿಚ್ಚುವುದು ತಪ್ಪುತ್ತಿತ್ತು.

ನಮ್ಮದು ತೀರ್ಥಹಳ್ಳಿ ಕಡೆ. ಮೇಲೆ ಅಡಿಕೆ ತೋಟ, ಕೆಳಗೆ ಗದ್ದೆ. ಅಪ್ಪ 1984ರಲ್ಲಿ ತಂದ ಮ್ಯಾಸಿ ಫರ್ಗೂಸನ್ 1035 ಟ್ರ್ಯಾಕ್ಟರ್ ಇನ್ನೂ ದುಡಿಯುತ್ತಿದೆ. ಪರ್ಕಿನ್ಸ್ ನಮೂನೆಯ ಮೂರು ಸಿಲಿಂಡರ್ ಇಂಜಿನ್. ಎರಡು ವರ್ಷದಿಂದ ಆಯಿಲ್ ಕುಡಿಯುತ್ತಿತ್ತು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಮಳೆ ಹಿಡಿಯುವ ಮುಂಚೆ ಬಿಚ್ಚಿ ಲೈನರ್, ಪಿಸ್ಟನ್, ರಿಂಗ್, ವಾಲ್ವ್, ಗೈಡ್ ಎಲ್ಲ ಹೊಸದು ಹಾಕಿದೆ. ಅಂದುಕೊಂಡದ್ದಕ್ಕಿಂತ ಖರ್ಚು ಜಾಸ್ತಿ ಆಯಿತು. ಹಾಗಾಗಿ ರಾಕರ್ ಆರ್ಮ್ ಹಳೇದೇ ಇರಲಿ ಎಂದೆ. ತೊಂದರೆ ಶುರುವಾಗಿದ್ದು ಅಲ್ಲಿಂದ.

ಟ್ಯಾಪೆಟ್ ಗ್ಯಾಪ್ ಅಂದರೆ ರಾಕರಿಗೂ ವಾಲ್ವಿನ ತುದಿಗೂ ನಡುವಿನ ಸಂದು. ಈ ಇಂಜಿನ್‌ಗೆ ತಣ್ಣಗಿದ್ದಾಗ ಅದು ಹನ್ನೆರಡು ಥೌ (ಇಂಚಿನ ಸಾವಿರದ ಒಂದು ಪಾಲಿಗೆ ಒಂದು ಥೌ), ಬಿಸಿ ಇದ್ದಾಗ ಹತ್ತು ಥೌ. ಮಿಲಿಮೀಟರಿನಲ್ಲಿ 0.30 ಮತ್ತು 0.25. ನಾನು ತಣ್ಣಗಿದ್ದಾಗಲೇ ಮಾಡುತ್ತೇನೆ. ಬಿಸಿಯಲ್ಲಿ ಮಾಡಲು ಹೊರಟರೆ ಮೂರನೇ ಸಿಲಿಂಡರ್‌ಗೆ ಬರುವಷ್ಟರಲ್ಲಿ ಇಂಜಿನ್ ಅರ್ಧ ಆರಿರುತ್ತದೆ.

ಮೊದಲು ಕಿವಿಯ ವಿಚಾರ. ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಕವರ್ ತೆಗೆದು, ಇಂಜಿನನ್ನು ನಿಧಾನ ಓಡಿಸಿ, ಸದ್ದು ಕೇಳಿಕೊಂಡೇ ಸ್ಕ್ರೂ ತಿರುಗಿಸುತ್ತಾರೆ. ಅವರ ಕೈ ಪಳಗಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಅವರು ಮಾಡಿಕೊಟ್ಟ ಮೇಲೆ ಇಂಜಿನ್ ಹೊಲಿಗೆ ಮಿಷನ್ನಿನಷ್ಟು ಮೆತ್ತಗೆ ಓಡಿತು. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದರೆ ಎರಡನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಫಿಲ್ಲರ್ ಗೇಜಿನ (ಬೇರೆ ಬೇರೆ ದಪ್ಪದ ತೆಳು ಬ್ಲೇಡುಗಳ ಕಟ್ಟು) ಆರು ಥೌ ಬ್ಲೇಡ್ ಕೂಡ ಕಷ್ಟಪಟ್ಟು ಹೋಗುತ್ತಿತ್ತು. ಗ್ಯಾಪ್ ಜಾಸ್ತಿ ಆದರೆ ಸದ್ದು ಮಾಡಿ ಹೇಳುತ್ತದೆ. ಕಮ್ಮಿ ಆದರೆ ಏನೂ ಹೇಳುವುದಿಲ್ಲ. ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ, ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ, ಅಂಚು ಸುಟ್ಟುಹೋಗುತ್ತದೆ. ಹೊಸ ವಾಲ್ವ್ ಹಾಕಿ ಆ ಅಪಾಯಕ್ಕೆ ನಾನು ತಯಾರಿಲ್ಲ.

ಆಮೇಲೆ ಫಿಲ್ಲರ್ ಗೇಜ್. ನನ್ನ ಹತ್ತಿರ ಮೊದಲಿಂದ ಇದ್ದದ್ದು ಇದೇ. ಇಂಜೆಕ್ಟರ್ ಬಿಚ್ಚಿಟ್ಟರೆ ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಲ್ಲಿ ಸಲೀಸಾಗಿ ತಿರುಗಿಸಬಹುದು. ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಒಟ್ಟಿಗೆ ಅಲ್ಲಾಡುವ ಜಾಗ ಹಿಡಿದು, ಅಲ್ಲಿಂದ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಆ ಎರಡನ್ನೂ ಸೆಟ್ ಮಾಡಬಹುದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-2-3. ಪುಲ್ಲಿಯ ಮೇಲೆ ಸಮ ಅಂತರದಲ್ಲಿ ಮೂರು ಸೀಮೆಸುಣ್ಣದ ಗೆರೆ ಎಳೆದುಕೊಂಡಿದ್ದೆ. ಒಂದು ಗೆರೆ ಬಿಟ್ಟು ಮುಂದಿನ ಗೆರೆಗೆ ನಿಲ್ಲಿಸಿದರೆ, ಅಂದರೆ 240 ಡಿಗ್ರಿಗೆ, ಮುಂದಿನ ಸಿಲಿಂಡರ್ ಸಿದ್ಧ.

ಆರೂ ವಾಲ್ವಿಗೆ ಹನ್ನೆರಡು ಥೌ ಬ್ಲೇಡ್ ಸ್ವಲ್ಪ ಹಿಡಿದ ಹಾಗೆ ಜಾರುವಂತೆ ಸೆಟ್ ಮಾಡಿ ಸ್ಟಾರ್ಟ್ ಮಾಡಿದೆ. ಟಕ್ ಟಕ್ ಟಕ್. ನಿಲ್ಲಿಸಿ, ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ಮತ್ತೆ ಸೆಟ್ ಮಾಡಿದೆ. ಅದೇ ಸದ್ದು. ರಾಕರನ್ನು ಕೆಳಗಿಂದ ತಳ್ಳುವ ಪುಷ್ ರಾಡ್ ಬಗ್ಗಿದೆಯೇ ಎಂದು ತೆಗೆದು ಗಾಜಿನ ಮೇಲೆ ಉರುಳಿಸಿ ನೋಡಿದೆ. ನೆಟ್ಟಗಿತ್ತು. ಬ್ಲೇಡಿನ ಮೇಲೇ ಅನುಮಾನ ಬಂದು ಹೊಸ ಗೇಜ್ ತಂದೆ. ಅದೇ ಸದ್ದು. ಅಷ್ಟರಲ್ಲಿ ಆಕಾಶ ಕಪ್ಪಾಗುತ್ತಿತ್ತು, ಗದ್ದೆ ಹೂಟಿ ಬಾಕಿ ಇತ್ತು. ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಭದ್ರಾವತಿಯಲ್ಲಿ ಲೇತ್ ಕೆಲಸ ಮಾಡುವ ಭಾವ ಭಾನುವಾರ ಬಂದವರು ರಾಕರಿನ ಮೂತಿಯ ಕೆಳಗೆ ಬೆರಳಾಡಿಸಿ, "ಇಲ್ಲಿ ಉಗುರು ಇಟ್ಟು ನೋಡು ಮಾರಾಯ" ಎಂದರು. ಇಟ್ಟೆ. ವಾಲ್ವಿನ ತುದಿ ನಲವತ್ತು ವರ್ಷ ಬಡಿದು ಬಡಿದು ಅಲ್ಲಿ ಸಣ್ಣ ಗುಳಿ ಬಿದ್ದಿತ್ತು. ಅಗಲ ಸರಿಯಾಗಿ ವಾಲ್ವಿನ ತುದಿಯಷ್ಟೇ. ಬೆಳಕಿಗೆ ಹಿಡಿದರೆ ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಸುತ್ತ ಮಂಕಾದ ಅಂಚು. ಫಿಲ್ಲರ್ ಬ್ಲೇಡ್ ಚಪ್ಪಟೆ, ಗುಳಿಗಿಂತ ಅಗಲ. ಅದು ಗುಳಿಯೊಳಗೆ ಇಳಿಯುವುದೇ ಇಲ್ಲ. ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿದ ಹಾಗೆ ಅಂಚಿಂದ ಅಂಚಿಗೆ ಕೂರುತ್ತದೆ. ನಾನು ಇಷ್ಟು ದಿನ ಅಳೆದದ್ದು ಸಂಕದ ದಪ್ಪವನ್ನು ಮಾತ್ರ. ಹಳ್ಳದ ಆಳ ಲೆಕ್ಕಕ್ಕೇ ಬಂದಿರಲಿಲ್ಲ.

ಭಾವನ ಚೀಲದಲ್ಲಿ ಡಯಲ್ ಗೇಜ್ ಇತ್ತು. ಇಂಜಿನ್ ಹೆಡ್ ಬೀಡು ಕಬ್ಬಿಣದ್ದು, ಆಯಿಲ್ ಒರೆಸಿ ಇಟ್ಟರೆ ಮ್ಯಾಗ್ನೆಟ್ ಸ್ಟ್ಯಾಂಡ್ ಗಟ್ಟಿಯಾಗಿ ಕಚ್ಚುತ್ತದೆ. ಗೇಜಿನ ಕಡ್ಡಿ ರಾಕರಿನ ಮೂತಿಯ ಮೇಲೆ, ವಾಲ್ವಿನ ನೇರಕ್ಕೆ ಕೂರಬೇಕು. ಒಳಗೆ ಸರಿದರೆ ಅಳತೆ ಕಮ್ಮಿ ತೋರಿಸುತ್ತದೆ. ಪುಷ್ ರಾಡ್ ಕಡೆ ಒತ್ತಿ ಹಿಡಿದು ಮುಳ್ಳನ್ನು ಸೊನ್ನೆಗೆ ತರಬೇಕು. ಆಮೇಲೆ ಮೂತಿಯನ್ನು ವಾಲ್ವಿಗೆ ತಾಗುವವರೆಗೆ ಒತ್ತಬೇಕು. ಮುಳ್ಳು ಓಡಿದಷ್ಟೇ ನಿಜವಾದ ಗ್ಯಾಪ್. ಗುಳಿ ಇರಲಿ ಬಿಡಲಿ, ಲೋಹಕ್ಕೆ ಲೋಹ ತಾಗುವವರೆಗಿನ ಲೆಕ್ಕ ಅಲ್ವಾ. ಫಿಲ್ಲರಿನಲ್ಲಿ 0.30 ಎಂದು ನಾನು ಸೆಟ್ ಮಾಡಿದ್ದ ವಾಲ್ವ್ ಡಯಲಿನಲ್ಲಿ 0.48 ತೋರಿಸಿತು!

ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿತ್ತು. ಗ್ಯಾಪ್ ಸ್ಕ್ರೂ ಹಿಡಿದಿಡುವ ಲಾಕ್ ನಟ್ ಬಿಗಿ ಮಾಡುವಾಗ ಗ್ಯಾಪ್ ಬದಲಾಗುತ್ತದೆ. ಬಿಗಿ ಮಾಡಿ ಮತ್ತೊಮ್ಮೆ ಮೂತಿ ಒತ್ತಿ ನೋಡಿದರೆ ಎಷ್ಟು ಸರಿಯಿತು ಎನ್ನುವುದನ್ನು ಮುಳ್ಳೇ ಹೇಳುತ್ತದೆ. ಅಷ್ಟನ್ನು ಮೊದಲೇ ಬಿಟ್ಟು ಸೆಟ್ ಮಾಡಿದರೆ ಆಯಿತು. ಆರೂ ವಾಲ್ವಿಗೆ ಒಂದು ಗಂಟೆ ಹಿಡಿಯಿತು. ಸ್ಟಾರ್ಟ್ ಮಾಡಿದಾಗ ಆ ಟಕ್ ಟಕ್ ಇರಲಿಲ್ಲ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರು. ಅಪ್ಪನ ಕಾಲದ ಸದ್ದು ಅದು.

ದುಡ್ಡಿನ ಮಾತು. ಫಿಲ್ಲರ್ ಗೇಜ್ ಇನ್ನೂರು ರೂಪಾಯಿ ಒಳಗೆ ಸಿಕ್ಕಿತು. ಸ್ಟ್ಯಾಂಡ್ ಸಮೇತ ಡಯಲ್ ಗೇಜಿಗೆ ಎರಡು ಸಾವಿರ ಕೊಟ್ಟೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುವ ಸಾಮಾನಿಗೆ ಅದು ಜಾಸ್ತಿಯೇ. ಆದರೆ ನಾನು ಒಬ್ಬನೇ, ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ನಿಧಾನಕ್ಕೆ ಕೂತು ಮಾಡುವವನು. ಪೇಟೆಯಿಂದ ಒಂದು ಸಲ ಮೆಕ್ಯಾನಿಕ್ ಕರೆಸುವ ಖರ್ಚಿಗೆ ಹೋಲಿಸಿದರೆ ನನಗೆ ಗಿಟ್ಟುತ್ತದೆ. ರಾಕರನ್ನೂ ಹೊಸದು ಹಾಕಿದವರಿಗೆ ಡಯಲ್ ಗೇಜ್ ಸುಮ್ನೆ ಖರ್ಚು, ಫಿಲ್ಲರ್ ಸಾಕು. ಗುಳಿಯನ್ನು ಗ್ರೈಂಡ್ ಮಾಡಿಸಲು ಹೋಗಬೇಡಿ. ಮೂತಿಯ ಗಟ್ಟಿ ಪದರ ಹೋದರೆ ಇನ್ನೂ ಬೇಗ ತೇಯುತ್ತದೆ.

ಹೊಸದಾಗಿ ಕಟ್ಟಿದ ಇಂಜಿನ್‌ನಲ್ಲಿ ಹೆಡ್ ಮತ್ತೆ ಟೈಟ್ ಮಾಡಿದ ಮೇಲೂ, ವಾಲ್ವ್ ಸೀಟಿಗೆ ಕೂರುತ್ತಾ ಬಂದ ಮೇಲೂ ಗ್ಯಾಪ್ ಕಮ್ಮಿಯಾಗುತ್ತದೆ. ಅದಕ್ಕೇ ನೆಟ್ಟಿ ಮುಗಿದ ಮೇಲೆ, ಸುಮಾರು ಇಪ್ಪತ್ತೈದು ಗಂಟೆ ಓಡಿಸಿ, ಮತ್ತೆ ಕವರ್ ತೆಗೆದೆ. ಐದು ಸರಿ ಇದ್ದವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ 0.24ಕ್ಕೆ ಇಳಿದಿತ್ತು. 0.30 ಮಾಡಿ ಮುಚ್ಚಿದೆ. ಆರು ರಾಕರಿನ ಬೆಲೆ ಶಿವಮೊಗ್ಗದಲ್ಲಿ ವಿಚಾರಿಸಿಟ್ಟಿದ್ದೇನೆ, ಅಡಿಕೆ ದುಡ್ಡು ಕೈಗೆ ಬಂದ ಮೇಲೆ ತರುತ್ತೇನೆ.