‘ಎಲ್ಲ ಕಾರಿಗೂ ಕೂರುತ್ತದೆ’ ಎನ್ನುವ ಏರ್ ಫಿಲ್ಟರ್ ಕಿಟ್ ಕೊಳ್ಳುವ ಮುನ್ನ

ಕಾರಿನ ಏರ್ ಫಿಲ್ಟರ್ ಬಾಕ್ಸ್ ತೆಗೆದು, ಅದರ ಜಾಗಕ್ಕೆ ಹೊಳೆಯುವ ಅಲ್ಯೂಮಿನಿಯಂ ಪೈಪು, ತುದಿಗೊಂದು ಕೋನ್ ಫಿಲ್ಟರ್ ಕೂರಿಸುವ ಕಿಟ್‌ಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತಿವೆ. ಮನೆಯಲ್ಲೇ ಸ್ಪ್ಯಾನರ್ ಹಿಡಿಯಲು ಕಲಿಯುತ್ತಿರುವ ನನ್ನಂಥವರೇ ಇವುಗಳ ಗಿರಾಕಿಗಳು. ನನ್ನದು 1.3 ಲೀಟರ್ ಟರ್ಬೊ ಡೀಸೆಲ್ ಕಾರು. ‘ಎಲ್ಲ ಕಾರಿಗೂ ಕೂರುತ್ತದೆ, ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ’ ಎಂದು ಮಾರಿದವನು ಫೋನಿನಲ್ಲಿ ಭರವಸೆ ಕೊಟ್ಟಿದ್ದ.

ಕೂರಿಸುವುದೇನೋ ಸುಲಭವೇ. ಹಳೆಯ ಬಾಕ್ಸ್ ಬಿಚ್ಚಿ, ಗಾಳಿ ಅಳೆಯುವ ಎಂಎಎಫ್ ಸೆನ್ಸರನ್ನು ಹೊಸ ಪೈಪಿಗೆ ಸಿಕ್ಕಿಸಿ, ಕ್ಲಾಂಪ್ ಬಿಗಿದರೆ ಆಯಿತು. ಎಂಜಿನ್ ಗಾಳಿ ಎಳೆಯುವ ಸದ್ದು ಜೋರಾಗುತ್ತದೆ. ಸದ್ದು ಹೆಚ್ಚಿದ್ದನ್ನೇ ಶಕ್ತಿ ಹೆಚ್ಚಿತೆಂದು ನಂಬಿಬಿಡುತ್ತೇವೆ. ಬಣ್ಣ ಬಯಲಾದದ್ದು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ. ಎರಡನೇ ಗೇರಿನಲ್ಲೂ ಕಾರು ಎಳೆಯಲಿಲ್ಲ, ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು, ಹಿಂದಿದ್ದ ಬಸ್ಸಿನವನು ಹಾರನ್ ನಿಲ್ಲಿಸಲೇ ಇಲ್ಲ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0101, ಅಂದರೆ ಎಂಎಎಫ್ ಸೆನ್ಸರಿನ ಅಳತೆ ತಾಳೆಯಾಗುತ್ತಿಲ್ಲ. ಈ ಸೆನ್ಸರಿನ ಕಾಯ್ದ ಭಾಗವನ್ನು ಹಾದುಹೋಗುವ ಗಾಳಿ ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಗಾಳಿಯ ಲೆಕ್ಕ ಹಾಕುತ್ತದೆ. ಆ ಲೆಕ್ಕ ಕಂಪನಿಯ ಕೊಳವೆಯ ಅಗಲಕ್ಕೆ ಹೊಂದಿಸಿದ್ದು. ಕಿಟ್‌ನ ಪೈಪು ಇನ್ನೂ ಅಗಲ; ಅಷ್ಟೇ ಗಾಳಿ ಅಲ್ಲಿ ನಿಧಾನವಾಗಿ ಹರಿಯುವುದರಿಂದ ಸೆನ್ಸರ್ ಕಡಿಮೆ ತೋರಿಸುತ್ತದೆ. ಗಾಳಿಯೇ ಕಡಿಮೆ ಎಂದುಕೊಂಡ ಇಸಿಯು, ಕಪ್ಪು ಹೊಗೆ ಬಾರದಿರಲೆಂದು ಡೀಸೆಲ್ಲನ್ನೂ ಕಡಿಮೆ ಮಾಡುತ್ತದೆ. ಪಿಕಪ್ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಹತ್ತಿಯ ಫಿಲ್ಟರಿಗೆ ಸವರಿದ್ದ ಎಣ್ಣೆ ಸೆನ್ಸರಿಗೂ ಅಂಟಿತ್ತು. ಶಾಖ ತಡೆಯುವ ಮರೆಯೂ ಇಲ್ಲದ್ದರಿಂದ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಳೆದುಕೊಳ್ಳುತ್ತಿದ್ದದ್ದು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನು.

ಮಾರಿದವನ ಉತ್ತರ: ‘ನೀವು ಸರಿಯಾಗಿ ಕೂರಿಸಿಲ್ಲ ಸಾರ್, ಬಿಚ್ಚಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಆಮೇಲೆ ಫೋನೇ ಎತ್ತಲಿಲ್ಲ.

ಫಿಲ್ಟರನ್ನು ಬಂಪರಿನ ಹಿಂದೆ ಕೆಳಕ್ಕೆ ಇಳಿಸುವ ಕಿಟ್‌ಗಳಿವೆಯಲ್ಲ, ಅವು ಇನ್ನೂ ಅಪಾಯ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸಿಗೆ ಇಳಿದಾಗ ಫಿಲ್ಟರ್ ಮುಳುಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಎಂಜಿನ್ನಿನೊಳಗೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದ ವಿಮೆಯಿಂದ ಇದಕ್ಕೆ ಹಣ ಸಿಗುವುದು ಕಷ್ಟ. ಆಡ್-ಆನ್ ಇದ್ದರೂ ಈ ಬದಲಾವಣೆಯನ್ನು ಮೊದಲೇ ತಿಳಿಸಿರದಿದ್ದರೆ ತಕರಾರು ಬರಬಹುದು.

ಕಿಟ್ ಈಗಾಗಲೇ ಹಾಕಿಸಿಕೊಂಡಿದ್ದರೆ ಹಳೆಯ ಬಾಕ್ಸನ್ನು ಗುಜರಿಗೆ ಕೊಡಬೇಡಿ. ನನ್ನದು ಅಟ್ಟದ ಮೇಲಿತ್ತು. ಅದನ್ನೇ ಮರಳಿ ಕೂರಿಸಿ, ಸೆನ್ಸರ್ ತೊಳೆಸಿದ ಮೇಲೆ ಕಾರು ಮೊದಲಿನಂತಾಯಿತು. ತೊಳೆಯಲು ಎಂಎಎಫ್ ಸೆನ್ಸರಿಗೆಂದೇ ಬರುವ ಸ್ಪ್ರೇ ಬಳಸಿ. ಕಾರ್ಬ್ಯುರೇಟರ್ ಸ್ಪ್ರೇ ಬೇಡ, ಬಟ್ಟೆಯಿಂದ ಒರೆಸುವುದಂತೂ ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರಿಗೆ ಬಾನೆಟ್ ಎತ್ತಿದಾಗ ಇಂಥ ಪೈಪು ಕಂಡರೆ, ಕಂಪನಿಯ ಬಾಕ್ಸ್ ಎಲ್ಲಿದೆ ಎಂದು ಮೊದಲು ಕೇಳಿ. ಇಲ್ಲ ಎಂದರೆ ಅದರ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆಯಿರಿ.