ತಂತಿ ಸ್ಪೀಕರೇ ಸೈ: ಪ್ರಾಥಮಿಕ ಸಂಗೀತ ತರಗತಿಗೆ ಮೂರು ಜೋಡಣೆಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ಸಂಗೀತ ಕಲಿಸಲು ನನ್ನ ಓಟು ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಮತ್ತು ತಂತಿ ಹಾಕಿದ ಒಂದು ಸ್ಪೀಕರಿಗೆ. ಇದರ ಎದುರಿಗೆ ಬಳಸಿ ನೋಡಿದ್ದು ಎರಡು. ಒಂದು, ಅದೇ ಲ್ಯಾಪ್‌ಟಾಪಿಗೆ ಬ್ಲೂಟೂತ್ ಸ್ಪೀಕರ್. ಇನ್ನೊಂದು, ಇಬ್ಬರು ಮಕ್ಕಳಿಗೊಂದರಂತೆ ಐಪ್ಯಾಡ್, ಹೆಡ್‌ಫೋನ್ ಮತ್ತು ಸಂಗೀತ ನುಡಿಸಿ ರೆಕಾರ್ಡ್ ಮಾಡುವ ಆ್ಯಪ್ ಗ್ಯಾರೇಜ್‌ಬ್ಯಾಂಡ್. ವ್ಯಾಟು, ತೂಕ, ಬ್ಯಾಟರಿ ಎಲ್ಲವೂ ಡಬ್ಬದ ಮೇಲೇ ಇರುತ್ತವೆ, ಇಲ್ಲಿ ಬೇಡ.

ಹೆಚ್ಚಿನವರು ಮೊದಲು ಕೊಳ್ಳುವುದು ಬ್ಲೂಟೂತ್ ಸ್ಪೀಕರನ್ನೇ. ಹಾಡು ಹಾಕಿ ಕೇಳಿಸುವವರೆಗೆ ಅದರಲ್ಲಿ ಏನೂ ಕೊರತೆ ಕಾಣುವುದಿಲ್ಲ. ಮಕ್ಕಳು ಕೇಳುತ್ತಾರೆ, ಜೊತೆಗೆ ಹಾಡುತ್ತಾರೆ, ಕುಣಿಯುತ್ತಾರೆ. ಕಿರಿಕಿರಿ ಶುರುವಾಗುವುದು ಶಿಕ್ಷಕರು ಕೀಲಿ ಒತ್ತಿ ಸ್ವರ ನುಡಿಸಿದಾಗ, ಅಥವಾ ಪರದೆಯ ಮೇಲೆ ಚಲಿಸುವ ಗೆರೆಯನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಬೇಕಾದಾಗ. ಬ್ಲೂಟೂತ್ ಧ್ವನಿಯನ್ನು ಕುಗ್ಗಿಸಿ, ಪೊಟ್ಟಣ ಕಟ್ಟಿ ಕಳಿಸುತ್ತದೆ. ಸ್ಪೀಕರ್ ಅದನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಬಿಚ್ಚಿ ನುಡಿಸುತ್ತದೆ. ಹೀಗೆ ಕುಗ್ಗಿಸಿ ಬಿಚ್ಚುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಕೋಡೆಕ್‌ನಲ್ಲಿ ಈ ತಡ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ನಿಮಿಷಕ್ಕೆ 120 ಬೀಟ್‌ನ ವೇಗದಲ್ಲಿ ಒಂದು ಬೀಟ್ ಎಂದರೆ 500 ಮಿಲಿಸೆಕೆಂಡ್. ಅಂದರೆ ಕಣ್ಣಿಗೆ ಕಂಡ ಬೀಟ್ ಕಿವಿಗೆ ಬೀಳುವಷ್ಟರಲ್ಲಿ ಕೆಲವೊಮ್ಮೆ ಅರ್ಧ ಬೀಟ್‌ವರೆಗೂ ಕಳೆದೇಹೋಗಿರುತ್ತದೆ.

ಧ್ವನಿ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಎಂಟು ಮೀಟರ್ ಉದ್ದದ ಕೋಣೆಯ ಹಿಂದಿನ ಸಾಲಿಗೆ 24 ಮಿಲಿಸೆಕೆಂಡ್ ತಡ, ಯಾರಿಗೂ ಗೊತ್ತಾಗದು. 200 ಮಿಲಿಸೆಕೆಂಡ್ ತಡವೆಂದರೆ ಸ್ಪೀಕರನ್ನು ಆಟದ ಮೈದಾನದ ಆ ತುದಿಯಲ್ಲಿ, ಹತ್ತಿರ ಹತ್ತಿರ 70 ಮೀಟರ್ ದೂರದಲ್ಲಿ ಇಟ್ಟು ಪಾಠ ಮಾಡಿದಂತೆ.

ಇದರ ಪರಿಣಾಮ ವಿಚಿತ್ರವಾಗಿರುತ್ತದೆ. ಕೆಲವು ಮಕ್ಕಳು ಪರದೆಯನ್ನು ಹಿಡಿಯುತ್ತಾರೆ, ಕೆಲವರು ಧ್ವನಿಯನ್ನು. ಚಪ್ಪಾಳೆ ಎರಡಾಗಿ ಸೀಳುತ್ತದೆ. ಶಿಕ್ಷಕರು "ಈ ಬ್ಯಾಚಿಗೆ ಲಯವೇ ಇಲ್ಲ" ಎಂದುಕೊಳ್ಳುತ್ತಾರೆ, ಪಾಪ. ವೇಗ ಇಳಿಸಿದರೂ ಪೂರ್ತಿ ಸರಿಹೋಗದು: 60ಕ್ಕೆ ಇಳಿಸಿದರೂ 200 ಮಿಲಿಸೆಕೆಂಡ್ ಎಂದರೆ ಬೀಟಿನ ಐದನೇ ಒಂದು ಭಾಗ. "ಯೂಟ್ಯೂಬ್ ವಿಡಿಯೊ ಸರಿಯಾಗೇ ಬರುತ್ತದಲ್ಲ" ಎನ್ನುವವರಿದ್ದಾರೆ. ಬರುತ್ತದೆ, ಏಕೆಂದರೆ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತದೆ. ಈಗಷ್ಟೇ ಒತ್ತಿದ ಕೀಲಿಗೆ ಆ ಉಪಾಯ ನಡೆಯದು, ಬೆರಳು ಯಾವಾಗ ಬೀಳುತ್ತದೆಂದು ಯಂತ್ರಕ್ಕೆ ಮೊದಲೇ ತಿಳಿಯುವುದಿಲ್ಲ. ತಡ ಕಡಿಮೆಯಿರುವ ಕೋಡೆಕ್‌ಗಳೂ ಇವೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಸುಮಾರು 40 ಮಿಲಿಸೆಕೆಂಡಿಗೆ ಇಳಿಸುತ್ತದೆ. ಆದರೆ ಕಳಿಸುವ ಕಡೆ, ಪಡೆಯುವ ಕಡೆ ಎರಡರಲ್ಲೂ ಅದು ಇರಬೇಕು. ಒಂದು ಕಡೆ ಇಲ್ಲದಿದ್ದರೆ ಮತ್ತೆ ಎಸ್‌ಬಿಸಿಯೇ ಗತಿ.

ನಿಮ್ಮ ಸ್ಪೀಕರ್ ಎಷ್ಟು ತಡ ಮಾಡುತ್ತದೆಂದು ಅಳೆಯುವುದು ಸುಲಭ. ಬ್ರೌಸರಿನಲ್ಲಿ ಕ್ರೋಮ್ ಮ್ಯೂಸಿಕ್ ಲ್ಯಾಬ್ ಎಂಬ ಗೂಗಲ್ ತಾಣದ ಶೇರ್ಡ್ ಪಿಯಾನೊ ತೆರೆಯಿರಿ. ಕೀಬೋರ್ಡ್ ಮತ್ತು ಸ್ಪೀಕರ್ ಎರಡನ್ನೂ ಪಕ್ಕಪಕ್ಕ ಇಟ್ಟು, ನಡುವೆ ಫೋನಿಟ್ಟು ರೆಕಾರ್ಡಿಂಗ್ ಶುರುಮಾಡಿ. ಸ್ವರದ ಕೀಲಿಯೊಂದನ್ನು ಟಕ್ಕೆಂದು ಸದ್ದಾಗುವಂತೆ ನಾಲ್ಕೈದು ಸಲ ಒತ್ತಿ. ಆ ಫೈಲನ್ನು ಧ್ವನಿಯನ್ನು ಅಲೆಗಳಾಗಿ ತೋರಿಸುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದರೆ ಮೊದಲು ಕೀಲಿಯ ಸದ್ದು, ಆಮೇಲೆ ಸ್ವರ ಕಾಣುತ್ತದೆ. ನಡುವಿನ ಅಂತರವೇ ಒಟ್ಟು ತಡ. ತಂತಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಅಂಟಿಕೊಂಡೇ ಇರುತ್ತವೆ. ಬ್ಲೂಟೂತಿನಲ್ಲಿ ನಡುವೆ ಚಪ್ಪಟೆ ಗೆರೆ ಎಳೆದುಕೊಂಡು ಹೋಗಿರುತ್ತದೆ.

ಇನ್ನೊಂದು ಕಾಟ: ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಎಷ್ಟೋ ಬ್ಲೂಟೂತ್ ಸ್ಪೀಕರ್‌ಗಳು ತೂಕಡಿಸುತ್ತವೆ. ಮತ್ತೆ ನುಡಿಸಿದಾಗ ಮೊದಲ ಚೂರನ್ನು ನುಂಗಿ ಎಚ್ಚರವಾಗುತ್ತವೆ. ಎಣಿಕೆಯ "ಒಂದು, ಎರಡು, ಮೂರು, ನಾಲ್ಕು" ಇದ್ದದ್ದು "ಎರಡು, ಮೂರು, ನಾಲ್ಕು" ಆಗುತ್ತದೆ. ಹಾಡಿಗೆ ಮುಂಚೆ ಒಂದು ಖಾಲಿ ಬಾರ್ (ಇಲ್ಲಿ ನಾಲ್ಕು ಬೀಟಿನ ಒಂದು ಸುತ್ತು) ಸೇರಿಸುವುದು ಪರಿಹಾರವಲ್ಲ, ಅದೂ ನಿಶ್ಶಬ್ದವೇ. ಮೆಲ್ಲನೆಯ ಟಿಕ್ ಟಿಕ್ ಇರುವ ಬಾರ್ ಬೇಕು.

ತಂತಿಗೂ ತನ್ನದೇ ರಗಳೆಗಳಿವೆ. ಲ್ಯಾಪ್‌ಟಾಪಿನ ಚಾರ್ಜರ್, ಸ್ಪೀಕರ್ ಎರಡೂ ಗೋಡೆಯ ವಿದ್ಯುತ್ತಿನಲ್ಲಿದ್ದರೆ ಗುಂಯ್ ಎಂಬ ಸದ್ದು ಬರಬಹುದು. ಚಾರ್ಜರ್ ಕಿತ್ತಾಗ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡರ ಅರ್ಥಿಂಗ್ ನಡುವೆ ಸುತ್ತುವ ವಿದ್ಯುತ್ತಿನ ಸದ್ದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ನಿಲ್ಲದಿದ್ದರೆ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸಿಕ್ಕಿಸಿ. ಹಾಡಿನಲ್ಲಿ ವಾದ್ಯ ಕೇಳಿ ಗಾಯಕರ ಧ್ವನಿ ಮಾತ್ರ ಮಾಯವಾಗಿದ್ದರೆ ಸ್ಪೀಕರ್ ಕೆಟ್ಟಿಲ್ಲ, 3.5 ಮಿ.ಮೀ. ಪಿನ್ ಪೂರ್ತಿ ಒಳಗೆ ಹೋಗಿಲ್ಲ. ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೊಡನೆ ಧ್ವನಿ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಓಡಿಹೋಗುತ್ತದೆ, ಔಟ್‌ಪುಟ್ ಪಟ್ಟಿಯಿಂದ ಮತ್ತೆ ಹೆಡ್‌ಫೋನ್ ಆರಿಸಬೇಕು. ಪ್ರೊಜೆಕ್ಟರಿನ ಚಿತ್ರವೂ ತುಸು ತಡವಾಗಿ ಬರುತ್ತದೆ. ತಡ ಕಡಿಮೆ ಮಾಡುವ ಗೇಮ್ ಮೋಡ್ ಇದ್ದರೆ ಹಾಕಿ, ಓರೆಯಾದ ಚಿತ್ರವನ್ನು ಚೌಕ ಮಾಡುವ ಡಿಜಿಟಲ್ ಕೀಸ್ಟೋನ್ ತಿದ್ದುಪಡಿ ತೆಗೆದು ಪ್ರೊಜೆಕ್ಟರನ್ನೇ ನೆಟ್ಟಗೆ ಇಡಿ. ಕೇಬಲನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ. ಒಂದು ಕೇಬಲ್ ಹೆಚ್ಚುವರಿ ಇರಲಿ.

ಈ ಜೋಡಣೆಯಲ್ಲಿ ಪರದೆಯ ಮೇಲೆ ನಾನು ಇಡುವುದು ಸಾಂಗ್ ಮೇಕರ್, ಚೌಕ ತುಂಬಿ ಹಾಡು ಕಟ್ಟುವ, ಅದೇ ಕ್ರೋಮ್ ಮ್ಯೂಸಿಕ್ ಲ್ಯಾಬ್‌ನ ಇನ್ನೊಂದು ಸಾಧನ. ಬ್ರೌಸರಿನಲ್ಲೇ ಓಡುತ್ತದೆ, ಖಾತೆ ಬೇಡ. ತೆರೆದಾಗ ಸಿಗುವ ನಾಲ್ಕು ಬಾರ್, ಎರಡು ಆಕ್ಟೇವಿನ (ಸ್ಥಾಯಿಯ) ಚೌಕಳಿ ಒಂದನೇ ತರಗತಿಗೆ ವಿಪರೀತವಾಯಿತು. ಸೆಟ್ಟಿಂಗ್ಸ್‌ನಲ್ಲಿ ಉದ್ದ 2 ಬಾರ್, ಬೀಟಿನ ವಿಭಾಗ 1, ಸ್ಕೇಲ್ ಪೆಂಟಾಟೋನಿಕ್ (ಐದೇ ಸ್ವರಗಳದ್ದು), ವ್ಯಾಪ್ತಿ 1 ಆಕ್ಟೇವ್ ಮಾಡಿ. ಮಕ್ಕಳ ಎದುರಿಗಿರುವ ಕ್ಸೈಲೊಫೋನಿನಿಂದ (ಕೋಲಿನಿಂದ ಬಡಿದು ನುಡಿಸುವ ಪಟ್ಟಿಗಳ ವಾದ್ಯ) ಎಫ್ ಮತ್ತು ಬಿ ಪಟ್ಟಿಗಳನ್ನು ಎತ್ತಿಟ್ಟರೆ ಉಳಿಯುವ ಸಿ, ಡಿ, ಇ, ಜಿ, ಎ ಪರದೆಗೆ ಸರಿಹೊಂದುತ್ತವೆ. ಒಬ್ಬ ಮಗು ಮುಂದೆ ಬಂದು ಚೌಕ ತುಂಬುತ್ತದೆ, ಉಳಿದವರು ಅದನ್ನೇ ಓದಿ ನುಡಿಸುತ್ತಾರೆ. ಮೈಕ್ ಗುಂಡಿ ಒತ್ತಿ ಹಾಡಿದರೆ ಸ್ವರ ತಾನೇ ಚೌಕಕ್ಕೆ ಬಂದು ಕೂರುತ್ತದೆ, ಆದರೆ ಮೂವತ್ತು ಮಕ್ಕಳ ಗದ್ದಲದಲ್ಲಿ ಅದನ್ನು ನಂಬಬೇಡಿ. ಸೇವ್ ಒತ್ತಿದಾಗ ಸಿಗುವ ಲಿಂಕನ್ನು ತರಗತಿಯ ಹೆಸರಿನ ಕಡತಕ್ಕೆ ಕೂಡಲೇ ಅಂಟಿಸಿಕೊಳ್ಳಿ. ಲಿಂಕ್ ಕಳೆದರೆ ಹಾಡೂ ಹೋಯಿತು. ಇಂಟರ್‌ನೆಟ್ ಕೈಕೊಡುವ ದಿನಕ್ಕೆಂದು ಒಂದೆರಡನ್ನು ವೇವ್ ಫೈಲಾಗಿ ಇಳಿಸಿಟ್ಟಿರಿ.

ಐಪ್ಯಾಡ್ ಸೆಟ್ ನೋಡಲು ಭರ್ಜರಿ. ಗ್ಯಾರೇಜ್‌ಬ್ಯಾಂಡ್ ಒಳ್ಳೆಯ ಆ್ಯಪ್, ಅನುಮಾನವಿಲ್ಲ. ಎಲ್ಲರೆದುರು ನುಡಿಸಲು ನಾಚುವ ಮಗು ಹೆಡ್‌ಫೋನ್ ಹಾಕಿಕೊಂಡು ನಿರಾತಂಕವಾಗಿ ತಪ್ಪು ಮಾಡಬಹುದು. ಆದರೆ ಹಂಚಿ, ಆನ್ ಮಾಡಿಸಿ, ಕೊನೆಗೆ ಎಣಿಸಿ ಚಾರ್ಜಿಗೆ ಹಾಕುವುದರಲ್ಲೇ 40 ನಿಮಿಷದ ಪೀರಿಯಡ್ಡಿನ ಒಳ್ಳೆಯ ಪಾಲು ಸವೆಯುತ್ತದೆ. ಯಾರು ಏನು ನುಡಿಸುತ್ತಿದ್ದಾರೆಂದು ಶಿಕ್ಷಕರಿಗೆ ಕೇಳಿಸುವುದಿಲ್ಲ. ಒಂದು ಪೇಚು ತಪ್ಪದೆ ಎದುರಾಗುತ್ತದೆ: ರೆಕಾರ್ಡಿಂಗ್ ಎಂಟು ಬಾರ್ ಮುಗಿದೊಡನೆ ಮುಂದಕ್ಕೆ ಹೋಗದೆ ಮೊದಲಿಗೆ ತಿರುಗಿಬರುತ್ತದೆ, ಏಕೆಂದರೆ ಹೊಸ ಹಾಡಿನ ಮೊದಲ ಭಾಗ, ಸೆಕ್ಷನ್ ಎ, ಎಂಟು ಬಾರಿನದೇ. ಟ್ರ್ಯಾಕ್ ನೋಟದಲ್ಲಿ ಬಲ ಮೇಲ್ತುದಿಯ ಪ್ಲಸ್ ಗುರುತು ಒತ್ತಿ, ಸೆಕ್ಷನ್ ಎ ಆರಿಸಿ, ಆಟೊಮ್ಯಾಟಿಕ್ ಮಾಡಿ. ಇದನ್ನು ಪ್ರತಿ ಹೊಸ ಹಾಡಿಗೂ ಮಾಡಬೇಕು, ಹಾಗಾಗಿ ಮೊದಲೇ ಸರಿಮಾಡಿದ ಖಾಲಿ ಹಾಡೊಂದನ್ನು ಎಲ್ಲ ಐಪ್ಯಾಡಿನಲ್ಲೂ ಇಟ್ಟು ಅದರ ನಕಲಿನಿಂದ ಶುರುಮಾಡಿಸುವುದು ಜಾಣತನ. ಹೆಡ್‌ಫೋನ್ ತಂತಿಯದ್ದೇ ಆಗಿರಬೇಕು, ಕಾರಣ ಮೇಲೆ ಹೇಳಿದ್ದೇ. ಇಬ್ಬರಿಗೆ ಸ್ಪ್ಲಿಟರ್ ಬೇಕು. ಜ್ಯಾಕ್ ಇಲ್ಲದ ಹೊಸ ಮಾದರಿಗಳಿಗೆ ಅಡಾಪ್ಟರ್ ಕೂಡ. ಅಡಾಪ್ಟರ್‌ಗಳು ಕಳೆದುಹೋಗುವ ವೇಗ ಮಾತ್ರ ದೊಡ್ಡ ಒಗಟು.

ನನ್ನ ಪಾಠದಲ್ಲಿ ಬಹುಪಾಲು ನಿಂತು ಮಾಡುವ ಕೆಲಸ: ಚಪ್ಪಾಳೆ, ಹೆಜ್ಜೆ, ಒಟ್ಟಾಗಿ ನುಡಿಸುವುದು. ಎಲ್ಲರೂ ಒಂದೇ ಬೀಟನ್ನು ಒಂದೇ ಗಳಿಗೆಯಲ್ಲಿ ಕೇಳಲೇಬೇಕು. ಇರುವ ಹಣ ಒಂದು ಸಲಕ್ಕೆ ಒಂದೇ ದೊಡ್ಡ ವಸ್ತುವಿಗೆ ಸಾಲುತ್ತದೆ. ಐಪ್ಯಾಡಿಗೆ ಸುರಿಯುವ ಬದಲು ತಂತಿ ಸ್ಪೀಕರ್ ಕೊಂಡು, ಉಳಿದದ್ದರಲ್ಲಿ ಕ್ಸೈಲೊಫೋನ್ ತರುವುದೇ ನನ್ನ ಲೆಕ್ಕ. ನಿಮ್ಮಲ್ಲಿ ನಾಲ್ಕು, ಐದನೇ ತರಗತಿಗೆ ಸ್ವಂತ ಹಾಡು ಕಟ್ಟಿಸುವ ದೀರ್ಘ ಅವಧಿಗಳಿದ್ದು, ಸಾಧನ ನೋಡಿಕೊಳ್ಳಲು ಇನ್ನೊಬ್ಬರಿದ್ದರೆ ಐಪ್ಯಾಡಿಗೆ ಅರ್ಥವಿದೆ. ಕುಣಿತಕ್ಕೆ, ಬಯಲಿಗೆ ಬ್ಲೂಟೂತ್ ಸಾಕು.

ಬ್ಲೂಟೂತ್ ಸ್ಪೀಕರನ್ನು ಈಗಾಗಲೇ ಕೊಂಡಾಗಿದ್ದರೆ ಮಾರುವ ಮುಂಚೆ ಅದರ ಹಿಂಬದಿಯ ರಬ್ಬರ್ ಮುಚ್ಚಳ ಎತ್ತಿ ನೋಡಿ. ಆಕ್ಸ್ ಎಂದು ಬರೆದ ತೂತಿದ್ದರೆ ಎರಡೂ ಕಡೆ 3.5 ಮಿ.ಮೀ. ಪಿನ್ ಇರುವ ಕೇಬಲ್ ಹಾಕಿ, ಬ್ಲೂಟೂತ್ ಆಫ್ ಮಾಡಿ, ಮತ್ತೊಮ್ಮೆ ಅಳೆಯಿರಿ.