ಲೋಕಲ್ ಕಾಯಿಲ್, ಕಂಪನಿ ಕಾಯಿಲ್, ಇರಿಡಿಯಂ ಪ್ಲಗ್: ನನ್ನ ಪಿಕಪ್‌ಗೆ ಯಾವುದು ಹೊಂದಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಂಪನಿ ಡಬ್ಬಿಯ ಕಾಯಿಲ್‌ಗೆ (ಪ್ಲಗ್‌ಗೆ ಕರೆಂಟು ಏರಿಸಿ ಕೊಡುವ ಇಗ್ನಿಷನ್ ಕಾಯಿಲ್) ಮತ್ತು ಸಾದಾ ನಿಕಲ್ ಪ್ಲಗ್‌ಗೆ (ಎಂಜಿನ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್). ನಾಲ್ಕೂ ಕಾಯಿಲ್ ಒಟ್ಟಿಗೆ ಬದಲಿಸುವುದಲ್ಲ, ಕೆಟ್ಟದ್ದು ಒಂದನ್ನೇ. ಪ್ಲಗ್ ಮಾತ್ರ ನಾಲ್ಕೂ ಒಟ್ಟಿಗೆ, ಅದೂ ಕೆಡುವವರೆಗೆ ಕಾಯದೆ.

ನನ್ನದು ಪೆಟ್ರೋಲ್-ಸಿಎನ್‌ಜಿ ಸಣ್ಣ ಪಿಕಪ್. ನಾಲ್ಕು ಸಿಲಿಂಡರ್, ಒಂದೊಂದು ಪ್ಲಗ್ ಮೇಲೂ ಒಂದೊಂದು ಕಾಯಿಲ್, ಎಂಜಿನ್ ಸೀಟಿನ ಕೆಳಗೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ತುಂಬಿಕೊಂಡು ಜಯನಗರ, ಬನಶಂಕರಿ ಕಡೆಯ ಅಂಗಡಿಗಳಿಗೆ ಹಾಕುವುದು ಕೆಲಸ. ಅಂದರೆ ದಿನವೆಲ್ಲ ಒಂದನೇ ಗೇರು, ಎರಡನೇ ಗೇರು, ಸಿಗ್ನಲ್ಲು, ಹಂಪು. ಹೈವೇ ಮೇಲೆ ಓಡಿಸುವವರಿಗೆ ಈ ಲೆಕ್ಕ ಬೇರೆ ಇರಬಹುದು.

ತೊಂದರೆ ಶುರುವಾಗಿದ್ದು ಗ್ಯಾಸಿನಲ್ಲಿ. ಪೆಟ್ರೋಲಿಗೆ ಹಾಕಿದರೆ ಗಾಡಿ ನೆಟ್ಟಗೆ ಓಡುತ್ತಿತ್ತು. ಗ್ಯಾಸಿಗೆ ಬದಲಿಸಿ ಲೋಡಿನಲ್ಲಿ ಫ್ಲೈಓವರ್ ಹತ್ತಿಸಿದರೆ ಮಿಸ್ಸಿಂಗ್ (ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು), ಜೊತೆಗೆ ಚೆಕ್ ಎಂಜಿನ್ ಲೈಟು ಮಿನುಗುವುದು. ಸ್ಟ್ಯಾಂಡಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಗ್ಯಾಸ್ ಕಿಟ್ ಹೋಗಿದೆ ಅಣ್ಣಾ, ರೆಗ್ಯುಲೇಟರ್ ಬದಲಾಯಿಸು." ಆ ಮಾತು ಕೇಳಿ ದುಡ್ಡು ಸುರಿದವರು ತುಂಬಾ ಜನ ಇದ್ದಾರೆ. ಆದರೆ ಕಾರಣ ಕಿಡಿಯ ಕಡೆಯೂ ಇರಬಹುದು. ಸಿಎನ್‌ಜಿ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20-30 ಸಾವಿರಕ್ಕೆ ಏರಿಸಿ ಪ್ಲಗ್‌ಗೆ ಕೊಡುತ್ತದೆ. ಪ್ಲಗ್ ಸವೆದು ಗ್ಯಾಪ್ (ಕಿಡಿ ಹಾರುವ ಸಂದು) ಅಗಲವಾದಷ್ಟೂ ಅದು ಇನ್ನೂ ಜಾಸ್ತಿ ಕೇಳುತ್ತದೆ. ಪೆಟ್ರೋಲಿನಲ್ಲಿ ಹೇಗೋ ನಡೆದುಹೋಗುತ್ತದೆ, ಗ್ಯಾಸಿನಲ್ಲಿ ಬಣ್ಣ ಬಯಲಾಗುತ್ತದೆ. ಹಾಗೇ ಓಡಿಸುತ್ತಿದ್ದರೆ ಕಾಯಿಲ್ ದಿನಾ ಮಿತಿ ಮೀರಿ ದುಡಿದು, ಒಳಗಿನ ಇನ್ಸುಲೇಷನ್ ಸುಟ್ಟು ಹೋಗುತ್ತದೆ. 150 ರೂಪಾಯಿಯ ಪ್ಲಗ್ ಉಳಿಸಲು ಹೋಗಿ ಎರಡು ಸಾವಿರದ ಕಾಯಿಲ್ ಕಳೆದುಕೊಳ್ಳುವುದು ಹೀಗೆ.

ನನ್ನ ಗಾಡಿಯಲ್ಲಿ ಹೋಗಿದ್ದು ಮೂರನೇ ಸಿಲಿಂಡರಿನ ಕಾಯಿಲ್. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0303 ಬಂತು. ಕೊನೆಯ ಅಂಕಿ ಯಾವ ಸಿಲಿಂಡರ್ ಮಿಸ್ಸಿಂಗ್ ಅಂತ ಹೇಳುತ್ತದೆ. ಮೂರನೆಯದರ ಕಾಯಿಲ್ ಕಿತ್ತು ಒಂದನೆಯದಕ್ಕೆ ಹಾಕಿದರೆ ಕೋಡ್ ಪಿ0301 ಆಯಿತು. ತಪ್ಪು ಕಾಯಿಲಿನದೇ ಅಂತ ಖಾತ್ರಿ.

ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದಾಗ ಕಂಪನಿ ಕಾಯಿಲ್ ಸ್ಟಾಕ್ ಇರಲಿಲ್ಲ. ಬೆಳಗ್ಗೆ ಯಾರ್ಡಿನಲ್ಲಿ ಲೋಡ್ ಕಾಯುತ್ತಿತ್ತು. ಅಂಗಡಿಯವರು 700 ರೂಪಾಯಿಗೆ ಲೋಕಲ್ ಒಂದನ್ನು ತೆಗೆದುಕೊಟ್ಟರು. "ಸೇಮ್ ಟು ಸೇಮ್ ಸಾರ್, ಡಬ್ಬಿ ಮಾತ್ರ ಬೇರೆ." ಒಂದು ಮಾತು ಒಪ್ಪಬೇಕು, ಕಿಡಿಯಲ್ಲಿ ಏನೂ ಕೊರತೆ ಇರಲಿಲ್ಲ. ಗ್ಯಾಸಿನಲ್ಲೂ ಎಳೆತ ಚೆನ್ನಾಗಿತ್ತು. ತಲೆನೋವು ಬಂದಿದ್ದು ಬೇರೆ ಕಡೆಯಿಂದ.

ಕಾಯಿಲ್ ತಲೆಯ ಮೇಲೆ ವೈರಿನ ಕನೆಕ್ಟರ್ ಕೂರುತ್ತದಲ್ಲ, ಅದಕ್ಕೆ ಒಂದು ಲಾಕ್ ಇರುತ್ತದೆ. ಒತ್ತಿದರೆ ಟಿಕ್ ಅನ್ನಬೇಕು. ಲೋಕಲ್ ಕಾಯಿಲಿನಲ್ಲಿ ಆ ಲಾಕ್ ಹಿಡಿಯುವ ಪ್ಲಾಸ್ಟಿಕ್ ಗುಬುಟು ಕೂದಲೆಳೆಯಷ್ಟು ತಗ್ಗಾಗಿತ್ತು. ಕನೆಕ್ಟರ್ ಕೂರುತ್ತದೆ, ನೋಡಲು ಸರಿಯಾಗೇ ಕಾಣುತ್ತದೆ, ಆದರೆ ಹಿಡಿತ ಇಲ್ಲ. ಅಲುಗಾಡುವ ಹಲ್ಲಿನ ಹಾಗೆ.

ಬೆಂಗಳೂರಿನ ಹಂಪುಗಳ ಮೇಲೆ ಇದರ ಆಟ ನೋಡಬೇಕಿತ್ತು. ಕಾಲೋನಿ ಒಳಗಿನ ರಸ್ತೆಯಲ್ಲಿ ಹಂಪು ಇಳಿದ ತಕ್ಷಣ ಗಾಡಿ ಒಂದು ಜರ್ಕ್ ಹೊಡೆಯುತ್ತದೆ, ಲೈಟು ಬರುತ್ತದೆ, ಹತ್ತು ಮಾರು ಹೋದರೆ ಸರಿಯಾಗುತ್ತದೆ. ಒಮ್ಮೊಮ್ಮೆ ಇಡೀ ಬೆಳಗ್ಗೆ ಏನೂ ಇಲ್ಲ. ಗ್ಯಾರೇಜಿಗೆ ಒಯ್ದರೆ ಎಂಜಿನ್ ಪಾಪದ ಹಾಗೆ ಸುಮ್ನೆ ಓಡುತ್ತದೆ. ಮತ್ತೆ ಕಾಯಿಲ್ ಅದಲು ಬದಲು ಮಾಡಿ ನೋಡಿದೆವು. ಕಿತ್ತು ಹಾಕುವಾಗ ಕನೆಕ್ಟರನ್ನು ಹೊಸದಾಗಿ ಒತ್ತುತ್ತೇವಲ್ಲ, ಹಾಗಾಗಿ ಸ್ವಲ್ಪ ಹೊತ್ತು ಎಲ್ಲ ಚೆನ್ನ. ಮೊದಲು ನಂಬಿಕೆಯಿಂದ ಮಾಡಿದ ಪರೀಕ್ಷೆಯೇ ಈಗ ದಾರಿ ತಪ್ಪಿಸುತ್ತಿತ್ತು.

ಹಿಡಿದವನು ಮೆಕ್ಯಾನಿಕ್ ಹುಡುಗ. ಸ್ಕ್ಯಾನರ್‌ನಲ್ಲಿ ಈ ಸಲ ಪಿ0303 ಜೊತೆ ಪಿ0353 ಕೂಡ ಇತ್ತು. ಮೊದಲನೆಯದು ಮಿಸ್ಸಿಂಗ್ ಕೋಡು. ಎರಡನೆಯದು ಕಾಯಿಲ್ ಸರ್ಕ್ಯೂಟಿನದು, ಅಂದರೆ ವೈರಿಂಗ್ ಕಡೆಯೂ ನೋಡು ಅಂತ ಅರ್ಥ. ಅವನು ಎಂಜಿನ್ ಓಡುತ್ತಿರುವಾಗಲೇ ಕನೆಕ್ಟರನ್ನು ಮರದ ಕಡ್ಡಿಯಿಂದ ಮೆಲ್ಲಗೆ ಅಲುಗಾಡಿಸಿದ. ಗಡಗಡ ಅಂತ ಎಂಜಿನ್ ತಡವರಿಸಿತು. "ಕಾಯಿಲ್ ಸರಿ ಇದೆ ಅಣ್ಣಾ, ಲಾಕ್ ಇಲ್ಲ ನೋಡು" ಅಂದ. ಸದ್ಯಕ್ಕೆ ಒಂದು ಕೇಬಲ್ ಟೈ ಬಿಗಿದ. ಅದು ನಡೆಯಿತು. ಆದರೆ ಸೀಟಿನ ಕೆಳಗಿನ ಆ ಬಿಸಿಯಲ್ಲಿ ಟೈ ಎಷ್ಟು ದಿನ ಇದ್ದೀತು ಅಂತ ಯೋಚಿಸುತ್ತಾ ಈರುಳ್ಳಿ ಲೋಡು ಹೊಡೆಯುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಜೊತೆಗೆ ಮಿಸ್ಸಿಂಗ್ ಆದಾಗಲೆಲ್ಲ ಸುಡದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಹೋದರೆ ಕಾಯಿಲ್ ಖರ್ಚು ಚಿಲ್ಲರೆ ಅನಿಸುತ್ತದೆ. ಕಂಪನಿ ಕಾಯಿಲ್ ಬಂದ ಕೂಡಲೇ ಎರಡು ಸಾವಿರದ ಚಿಲ್ಲರೆ ಕೊಟ್ಟು ಹಾಕಿಸಿದೆ. ಟಿಕ್ ಅಂದಿತು. ಅಂದಿನಿಂದ ಹಂಪು ಬರೀ ಹಂಪು.

ಗುಜರಿ ಕಾಯಿಲ್ ಬಗ್ಗೆ ಒಂದೇ ಮಾತು: ಕೆಡುವ ಕಾಯಿಲ್ ಬಿಸಿಯಾದ ಮೇಲೆ ಕೈ ಕೊಡುತ್ತದೆ, ಅಂಗಡಿ ಕಟ್ಟೆ ಮೇಲೆ ತಣ್ಣಗೆ ಕೂತಿರುವಾಗ ಏನೂ ಹೇಳುವುದಿಲ್ಲ.

ಇನ್ನು ಪ್ಲಗ್. ನಮ್ಮ ಭಾವನ ಗಾಡಿಯೂ ಇದೇ ಮಾದರಿ, ಅವರು ತುದಿಗೆ ಇರಿಡಿಯಂ ಲೋಹ ಇರುವ ಪ್ಲಗ್ ಹಾಕಿಸಿದ್ದಾರೆ. ನಾನೂ ಆ ಗಾಡಿ ಓಡಿಸಿದ್ದೇನೆ. ಇರಿಡಿಯಂ ಕೆಟ್ಟದ್ದು ಅಂತ ಹೇಳಿದರೆ ನಾಲಿಗೆ ಸುಳ್ಳಾಗುತ್ತದೆ. ಅದರ ಮಧ್ಯದ ತುದಿ 0.4ರಿಂದ 0.6 ಮಿ.ಮೀ. ಅಷ್ಟೇ, ಸಾದಾ ಪ್ಲಗ್ಗಿನದು ಸುಮಾರು 2.5. ತುದಿ ಸಣ್ಣದಾದಷ್ಟೂ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ. ಇರಿಡಿಯಂ ಕರಗುವುದು 2,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನಿಕಲ್ 1,455ಕ್ಕೇ. ಹಾಗಾಗಿ ಬಾಳಿಕೆ ಜಾಸ್ತಿ, ಕಾಯಿಲ್‌ಗೂ ಹಗುರ.

ಆದರೂ ನನಗೆ ಬೇಡ. ನಾಲ್ಕು ಇರಿಡಿಯಂಗೆ ನಾನು ವಿಚಾರಿಸಿದಾಗ 2,400 ಅಂದರು, ನಾಲ್ಕು ನಿಕಲ್‌ಗೆ 600 ಆಗುತ್ತದೆ. ನಾನು 20,000 ಕಿಲೋಮೀಟರಿಗೊಮ್ಮೆ ಹೇಗೂ ಸೀಟು ಎತ್ತುತ್ತೇನೆ. ಪ್ಲಗ್ ಗುಂಡಿಯೊಳಗೆ ಆಯಿಲ್ ಇಳಿದಿದೆಯಾ, ಪ್ಲಗ್ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟು ಬಿರುಕು ಬಿಟ್ಟಿದೆಯಾ ಅಂತ ನೋಡದಿದ್ದರೆ ನನಗೆ ಸಮಾಧಾನ ಇಲ್ಲ. ಅಷ್ಟು ಬಿಚ್ಚಿದ ಮೇಲೆ ಹೊಸ ಪ್ಲಗ್ ಹಾಕುವುದು ಐದು ನಿಮಿಷದ ಕೆಲಸ. ನಿಕಲ್ ಪ್ಲಗ್ಗಿನ ಗ್ಯಾಪನ್ನು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಹೊಂದಿಸಿಕೊಳ್ಳಬಹುದು. ಇರಿಡಿಯಂನಲ್ಲಿ ಕೈ ಸ್ವಲ್ಪ ತಪ್ಪಿದರೂ ಆ ತುದಿ ಮುರಿಯುತ್ತದೆ. ಮೇಲಾಗಿ ಮಾರ್ಕೆಟ್ಟಿನಲ್ಲಿ ಡೂಪ್ಲಿಕೇಟ್ ಕಾಟ ಇದೆ. 150 ರೂಪಾಯಿಗೆ ಮೋಸ ಹೋದರೆ ಬೈದುಕೊಂಡು ಸುಮ್ನಾಗಬಹುದು, 600ಕ್ಕೆ ಆಗುತ್ತಾ?

ಭಾವ ಮಾತ್ರ ಬಾನೆಟ್ಟೂ ಎತ್ತುವವರಲ್ಲ, ಸೀಟೂ ಎತ್ತುವವರಲ್ಲ. ಅಂಥವರಿಗೆ ಇರಿಡಿಯಂ ಸರಿ. ನಿಕಲ್ ಹಾಕಿಸಿ ಮರೆತರೆ ಮತ್ತೆ ಕಾಯಿಲ್ ತನಕ ಬರುತ್ತದೆ.

ಬಿಚ್ಚುವವರಿಗೆ ಎರಡು ಮಾತು. ಎಂಜಿನ್ ತಣ್ಣಗಾಗಲಿ, ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಬಿಸಿಯಲ್ಲಿ ಬೇಗ ಹಾಳಾಗುತ್ತದೆ. ಪ್ಲಗ್ ಕೀಳುವ ಮುಂಚೆ ಗುಂಡಿಗೆ ಗಾಳಿ ಹೊಡೆಸಿ, ಇಲ್ಲದಿದ್ದರೆ ಮಣ್ಣೆಲ್ಲ ಸಿಲಿಂಡರಿಗೆ. ಥ್ರೆಡ್ಡಿಗೆ ಗ್ರೀಸ್ ಬಳಿಯಬೇಡಿ, ಬಿಗಿ ಲೆಕ್ಕ ತಪ್ಪುತ್ತದೆ.

ಈಗ ಜೆ.ಸಿ. ರಸ್ತೆಗೆ ಹೋಗುವಾಗ ಗುಜರಿಯಿಂದ ತಂದ ಒಂದು ಹಳೇ ಕನೆಕ್ಟರ್ ತುಂಡನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಕಾಯಿಲ್ ಯಾವುದೇ ಇರಲಿ, ಕೌಂಟರಿನಲ್ಲೇ ಸಿಕ್ಕಿಸಿ ಎಳೆದು ನೋಡುತ್ತೇನೆ. ಅಂಗಡಿಯವರು ನಗುತ್ತಾರೆ, ಆದರೆ ಈಗ ನನಗೆ ಲೋಕಲ್ ತೋರಿಸುವುದನ್ನು ಬಿಟ್ಟಿದ್ದಾರೆ.